ರಾಜೀನಾಮೆ ಬರೆದುಕೊಡಿ ಎನ್ನುತ್ತಿದ್ದಾರೆ, ಇಎಸ್‌ಐ ದುಡ್ಡು ಸಿಗುತ್ತದೆಯೇ?

ಉಪ್ಪಳದವಳು:
ಮೂರು ವರ್ಷ ಎರಡು ತಿಂಗಳು ಬೈಕಂಪಾಡಿಯ ಒಂದು ಪ್ಯಾಕಿಂಗ್ ಘಟಕದಲ್ಲಿ ದುಡಿದೆ. ಉಪ್ಪಳದಿಂದ ಬೆಳಗಿನ ರೈಲು, ಮಂಗಳೂರಿನಿಂದ ಬಸ್. ಕಳೆದ ಶನಿವಾರ ನಮ್ಮಲ್ಲಿ ಹನ್ನೊಂದು ಮಂದಿಯನ್ನು ಕರೆದು, ಆರ್ಡರ್ ಇಲ್ಲ, ಸೋಮವಾರದಿಂದ ಬರುವುದು ಬೇಡ ಎಂದರು. ಸೀಸನ್ ಟಿಕೆಟ್‌ನಲ್ಲಿ ಇನ್ನೂ ಹನ್ನೆರಡು ದಿನ ಬಾಕಿ ಇತ್ತು. ಏನೋ, ಅದನ್ನು ನೋಡಿದಾಗಲೇ ಅಳು ಬಂದದ್ದು.

ಆಮೇಲೆ ಒಂದೊಂದು ಕಾಗದ ಕೊಟ್ಟರು. ಹೆಸರಿನ ಜಾಗ ಮಾತ್ರ ಖಾಲಿ, ಉಳಿದದ್ದೆಲ್ಲ ಮೊದಲೇ ಅಚ್ಚಾಗಿದೆ: ‘ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ.’ ಸಹಿ ಹಾಕಿದರೆ ಬಾಕಿ ಸಂಬಳ ಆ ವಾರವೇ ಅಂತೆ. ಏಳು ಮಂದಿ ಹಾಕಿದರು. ನಾನು ಕನ್ನಡಕ ತಂದಿಲ್ಲ, ಮನೆಯಲ್ಲಿ ಓದಿ ತರುತ್ತೇನೆ ಎಂದು ಚೀಲಕ್ಕೆ ಹಾಕಿಕೊಂಡು ಬಂದೆ. ನನಗೆ ಕನ್ನಡಕವೇ ಇಲ್ಲ.

ಸಂಬಳ 14,600. ಪ್ರತಿ ತಿಂಗಳೂ ಇಎಸ್‌ಐಗೆಂದು (ಕಾರ್ಮಿಕರ ಸರಕಾರಿ ವಿಮೆ) 110 ರೂಪಾಯಿ ಹಿಡಿಯುತ್ತಿದ್ದರು. ಕೆಲಸ ಹೋದರೆ ಅಲ್ಲಿಂದ ಅರ್ಧ ಸಂಬಳ ಬರುತ್ತದೆ ಎಂದು ಜೊತೆಯವಳು ಹೇಳುತ್ತಾಳೆ. ಆದರೆ ಕೆಲಸ ಕರ್ನಾಟಕದಲ್ಲಿ, ಮನೆ ಕೇರಳದಲ್ಲಿ. ಪಕ್ಕದ ಮನೆಯ ಚೇಟ್ಟನ್ ಪಂಚಾಯತಿಗೆ ಹೋಗಿ ‘ತೊಳಿಲಿಲ್ಲಾಯ್ಮ ವೇತನಂ’ (ನಿರುದ್ಯೋಗ ಭತ್ಯೆ) ಕೇಳು ಎನ್ನುತ್ತಾರೆ. ಎರಡೂ ಒಂದೆಯೇ? ಮಲಯಾಳಂನಲ್ಲಿ ನಾನು ಓದುವುದು ಬಸ್ಸಿನ ಬೋರ್ಡು ಮಾತ್ರ.

ಕುಂಬಳೆಯ ಅಕ್ಷಯದವನು:
ಎರಡೂ ಬೇರೆ ಬೇರೆ, ಅಕ್ಕಾ. ಚೇಟ್ಟನ್ ಹೇಳಿದ್ದು ಕೇರಳ ಸರಕಾರದ್ದು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಹೆಸರು ನೋಂದಾಯಿಸಿಕೊಂಡು ಕಾದವರಿಗೆ ತಿಂಗಳಿಗೆ 120 ರೂಪಾಯಿ. ಹೌದು, ನೂರಿಪ್ಪತ್ತೇ. ನಮ್ಮ ಅಕ್ಷಯ ಕೇಂದ್ರಕ್ಕೆ (ಸರಕಾರಿ ಅರ್ಜಿ ಹಾಕಿಕೊಡುವ ಕಡೆ) ಬಂದವರೂ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ.

ಇಎಸ್‌ಐ ಕೇಂದ್ರ ಸರಕಾರದ್ದು, ಗಡಿಯ ತಲಪಾಡಿ ಗೇಟು ಅದಕ್ಕೆ ಲೆಕ್ಕಕ್ಕಿಲ್ಲ. ನಿಮ್ಮ ವಿಮಾ ಸಂಖ್ಯೆ ದೇಶಕ್ಕೆಲ್ಲ ಒಂದೇ. ಯೋಜನೆಯ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ, 2018ರ ಜುಲೈ 1ರಿಂದ ಇದೆ. ಮೊದಲು ಸಂಬಳದ ಕಾಲು ಭಾಗ ಕೊಡುತ್ತಿದ್ದರು, ಕೋವಿಡ್ ಬಂದ 2020ರಲ್ಲಿ ಅರ್ಧಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ, ಅದೂ ಜೀವನದಲ್ಲಿ ಒಮ್ಮೆ. ಕಾಯಂ ಯೋಜನೆಯಲ್ಲ, ಅವಧಿ ವಿಸ್ತರಿಸುತ್ತಾ ಬಂದಿದ್ದಾರೆ. ಅರ್ಜಿ ಹಾಕುವ ದಿನ ಇಎಸ್‌ಐ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಎರಡು ವರ್ಷ ವಿಮೆಯಲ್ಲಿರಬೇಕು. ಕೆಲಸ ಹೋಗುವ ಮೊದಲಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ನಿಮ್ಮದು ಸರಿಯಾಗಿಯೇ ಇದ್ದೀತು. ಕೆಲಸ ಹೋಗಿ 30 ದಿನವಾದ ಮೇಲೆ ಹಣಕ್ಕೆ ಅರ್ಹರು, ಅದು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಆಧಾರ್‌ನಲ್ಲಿ ಇನಿಶಿಯಲ್, ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರು ಇದ್ದರೆ ಈಗಲೇ ಸರಿಪಡಿಸಿ. ನಮ್ಮ ಕಡೆಯ ಅರ್ಜಿಗಳು ಕಾಲು ಮುರಿದುಕೊಳ್ಳುವುದು ಅಲ್ಲೇ.

ಹೊಸಂಗಡಿಯ ಹಳೆ ಯೂನಿಯನ್‌ನವನು:
ತಂಗೀ, ದುಡ್ಡಿನ ಮಾತು ಆಮೇಲೆ. ಮೊದಲು ಆ ಕಾಗದಕ್ಕೆ ಸಹಿ ಹಾಕಬೇಡ. ತಾನಾಗಿ ಕೆಲಸ ಬಿಟ್ಟವರಿಗೆ ಈ ಯೋಜನೆಯಲ್ಲಿ ಹಣವಿಲ್ಲ. ‘ಸ್ವಂತ ಕಾರಣ’ ಎನ್ನುವ ಎರಡು ಪದಕ್ಕೆ ಮೂರು ವರ್ಷದ ವಂತಿಗೆ ಹೋಗುತ್ತದೆ.

ಆರ್ಡರ್ ಇಲ್ಲವೆಂದು ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಹಾಗೆಂದು ಬರೆದುಕೊಡುವಂತೆ ಕೇಳು. ಆ ಒಂದು ಪದವಿದ್ದರೆ ಇಎಸ್‌ಐಯದೇ ಇನ್ನೊಂದು, 2005ರ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಗೂ ಅರ್ಜಿ ಹಾಕಲು ದಾರಿಯಾಗುತ್ತದೆ. ಅದರಲ್ಲಿ ಮೊದಲ ಹನ್ನೆರಡು ತಿಂಗಳು ಅರ್ಧ ಸಂಬಳ, ಮುಂದಿನ ಹನ್ನೆರಡು ತಿಂಗಳು ಕಾಲು ಭಾಗ. ಮಾಲೀಕರ ಕಡೆಯಿಂದ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ. ನಾನೂ ಒಮ್ಮೆ ಇಂಥದೇ ಕಾಗದಕ್ಕೆ ಸಹಿ ಹಾಕಿದವನು, ಹೆಂಡತಿ ಈಗಲೂ ನೆನಪಿಸುತ್ತಾಳೆ.

ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಕಳುಹಿಸು. ಉತ್ತರ ಬಾರದಿದ್ದರೆ ಮಂಗಳೂರಿನ ಕಾರ್ಮಿಕ ಇಲಾಖೆಗೆ ಹೋಗು. ಘಟಕ ಅಲ್ಲಿರುವುದರಿಂದ ಕಾಸರಗೋಡಿನಲ್ಲಿ ದೂರು ಕೊಟ್ಟು ಪ್ರಯೋಜನವಿಲ್ಲ.

ಉಪ್ಪಳದವಳು:
ಎಷ್ಟು ಬರಬಹುದು? ಮಧ್ಯೆ ಹೊಲಿಗೆ ಅಂಗಡಿಯಲ್ಲಿ ಕೂತರೆ? ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಯೂ ಇಎಸ್‌ಐಯಲ್ಲೇ.

ಕುಂಬಳೆಯ ಅಕ್ಷಯದವನು:
ಅಟಲ್ ಯೋಜನೆಯಲ್ಲಿ ನಾಲ್ಕು ಅವಧಿಗಳ, ಎಂದರೆ 24 ತಿಂಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ನಿಮ್ಮದು 3,50,400. ದಿನಕ್ಕೆ 480, ಅರ್ಧವೆಂದರೆ 240. 90 ದಿನಕ್ಕೆ 21,600. ಬೇರೆ ಕಡೆ ನೌಕರಿಗೆ ಸೇರಿದ ದಿನವೇ ಹಣ ನಿಲ್ಲುತ್ತದೆ, ಮುಚ್ಚಿಡಬೇಡಿ. ಹಣ ಬರುವ ಅವಧಿಯಲ್ಲಿ ಚಿಕಿತ್ಸೆಯೂ ಮುಂದುವರಿಯುತ್ತದೆ.

ಉಪ್ಪಳದವಳು:
ಪತ್ರ ಬರೆದೆ, ಇವತ್ತು ಮಧ್ಯಾಹ್ನ ಅಂಚೆಗೆ ಹಾಕಿದೆ. ಸಹಿ ಹಾಕದ ಉಳಿದ ಮೂವರಿಗೂ ಅದರ ಫೋಟೋ ಕಳುಹಿಸಿದ್ದೇನೆ. ಉತ್ತರಕ್ಕೆ ಒಂದು ವಾರ ಕಾಯುತ್ತೇನೆ. ಮಂಗಳೂರಿಗೆ ಹೋಗಬೇಕಾಗಿ ಬಂದರೆ ಸೀಸನ್ ಟಿಕೆಟ್ ಹೇಗೂ ಇದೆ.