ಸಭೆಗೆ ಅಜ್ಜಿ ಯಾಕೆ ಬರಲ್ಲ? ಮಕ್ಕಳನ್ನು ಸಾಕುತ್ತಿರುವ ಅಜ್ಜಿ, ಚಿಕ್ಕಮ್ಮ, ಸೋದರಮಾವಂದಿರ ಬಗ್ಗೆ ಪ್ರಶ್ನೋತ್ತರ

(ಈ ವಾರ ಉತ್ತರ ಕೊಡುತ್ತಿರುವವರು ಕಲಬುರಗಿ ಭಾಗದಲ್ಲಿ ಮಕ್ಕಳ ರಕ್ಷಣೆಯ ಕೆಲಸ ಮಾಡುವ ಸಮಾಜ ಕಾರ್ಯಕರ್ತೆ. ಪ್ರಶ್ನೆ ಕೇಳಿದವರ ಹೆಸರುಗಳನ್ನು ತೆಗೆದಿದ್ದೇವೆ.)

ಪ್ರಶ್ನೆ (ಸ್ವಯಂಸೇವಕಿ, ಸುರಪುರ ತಾಲ್ಲೂಕು): ನಮಸ್ಕಾರ ಮೇಡಂ. ನಾವು ಕೆಲವರು ಸೇರಿ ಊರಲ್ಲಿ ಸಂಜೆ ಪಾಠ ನಡೆಸುತ್ತೇವೆ. ದೀಪಾವಳಿ ಮುಗಿದರೆ ಅರ್ಧ ಊರು ಗುಳೆ ಹೋಗುತ್ತದೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ. ಮಕ್ಕಳು ಅಜ್ಜಿ, ದೊಡ್ಡಮ್ಮ, ಸೋದರಮಾವನ ಮನೆಯಲ್ಲಿ ಉಳಿಯುತ್ತಾರೆ. ತಿಂಗಳಿಗೊಮ್ಮೆ ಬೆಳಿಗ್ಗೆ ಹನ್ನೊಂದಕ್ಕೆ ಪೋಷಕರ ಸಭೆ ಕರೆಯುತ್ತೇವೆ. ಚಹಾ, ಚುಡುವಾ ಎಲ್ಲಾ ಇರುತ್ತದೆ. ಆದರೂ ಬೆರಳೆಣಿಕೆ ಜನ. ಅಜ್ಜಿಯರಂತೂ ಬರುವುದೇ ಇಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ನಮ್ಮ ತಂಡದವರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಹನ್ನೊಂದು ಗಂಟೆಗೆ ಆ ಅಜ್ಜಿ ಎಲ್ಲಿರುತ್ತಾಳೆ ಅಂತ ಯೋಚನೆ ಮಾಡಿ. ನಿಮ್ಮ ಕಡೆ ಆ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ ಜೋರಾಗಿರುತ್ತದೆ. ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ನಿಮ್ಮ ಚಹಾಕ್ಕೆ ಅಷ್ಟು ಬೆಲೆ ಇಲ್ಲ.

ಇನ್ನೊಂದು, ಬಂದವರಿಗೆ ಹೋದ ಸಲ ಏನು ಹೇಳಿದ್ದಿರಿ? ಇಂಥ ಸಭೆಗಳನ್ನು ನಾನು ಬಹಳ ನೋಡಿದ್ದೇನೆ. ಮಗು ಹೋಂವರ್ಕ್ ಮಾಡಿಲ್ಲ, ತಲೆ ಬಾಚಿಲ್ಲ, ಮೊಬೈಲ್ ಕೊಡಬೇಡಿ, ಹಸಿರು ತರಕಾರಿ ಕೊಡಿ. ಐದು ಮಕ್ಕಳನ್ನು ಹೆತ್ತು ಬೆಳೆಸಿದವಳಿಗೆ ಇಪ್ಪತ್ತೆರಡರ ಹುಡುಗಿ ಮೈಕ್ ಹಿಡಿದು ಮಕ್ಕಳನ್ನು ಸಾಕುವುದು ಹೇಗೆ ಅಂತ ಹೇಳಿದರೆ ಅವಳು ಮತ್ತೆ ಯಾಕೆ ಬರುತ್ತಾಳೆ? ಬೈಸಿಕೊಳ್ಳಲು ಯಾರೂ ಕೂಲಿ ಬಿಟ್ಟು ಬರಲ್ಲ.

ನನ್ನ ಸಲಹೆ, ಮೂರು ತಿಂಗಳು ಸಭೆ ಬಿಡಿ. ಕಾಗದಪತ್ರದಿಂದ ಶುರು ಮಾಡಿ. ರೊಟ್ಟಿ ಬಡಿದು, ಊಟ ಮುಗಿದ ಮೇಲೆ ಎಂಟು ಗಂಟೆಗೆ ಗುಡಿಕಟ್ಟೆಯ ಮೇಲೆ ಒಂದು ರಿಜಿಸ್ಟರ್ ಇಟ್ಟುಕೊಂಡು ಕೂತುಕೊಳ್ಳಿ. "ನಿಮ್ಮ ಮನೆಯ ಮಕ್ಕಳ ಕಾಗದ ತನ್ನಿ, ಯಾವುದು ಇಲ್ಲ ಅಂತ ನೋಡೋಣ" ಅನ್ನಿ. ಕಾಗದ ಎಲ್ಲಿರುತ್ತದೆ ಗೊತ್ತಲ್ವಾ? ಗೋಡೆಯ ಮೊಳೆಗೆ ನೇತು ಹಾಕಿದ ಕ್ಯಾರಿಬ್ಯಾಗ್, ಇಲ್ಲಾ ಟ್ರಂಕಿನ ತಳದಲ್ಲಿ ಸೀರೆ ಕೆಳಗೆ. ಸುರಿದರೆ ಮಡಿಕೆ ಬಿದ್ದು ಹರಿದ ತಾಯಿ ಕಾರ್ಡ್, ಹಳೇ ಕರೆಂಟ್ ಬಿಲ್, ಯಾರದೋ ಮದುವೆ ಕರೆಯೋಲೆ, ಅದರ ನಡುವೆ ಮಗುವಿನ ಜನನ ಪ್ರಮಾಣಪತ್ರದ ಜೆರಾಕ್ಸ್. ಮೂಲ ಪ್ರತಿ ಅಮ್ಮನ ಜೊತೆ ಬೆಂಗಳೂರಲ್ಲಿ. ಆಧಾರ್‌ನಲ್ಲಿ ಹೆಸರು ಒಂದು, ಶಾಲೆಯಲ್ಲಿ ಇನ್ನೊಂದು. ಐದು ವರ್ಷಕ್ಕೆ ಬೆರಳಚ್ಚು ಕೊಡಬೇಕು, ಹದಿನೈದಕ್ಕೆ ಮತ್ತೆ ಕೊಡಬೇಕು ಅಂತ ಅಜ್ಜಿಗೆ ಯಾರೂ ಹೇಳಿರುವುದಿಲ್ಲ.

ರಿಜಿಸ್ಟರ್‌ನಲ್ಲಿ ಅಪ್ಪ, ಅಮ್ಮನ ಹೆಸರಿನ ಪಕ್ಕ ಇನ್ನೊಂದು ಕಾಲಂ ಹಾಕಿ: ಈಗ ನೋಡಿಕೊಳ್ಳುತ್ತಿರುವವರು. ಇಷ್ಟು ದಿನ ನೀವು ಕರೆದಿದ್ದು ಊರಲ್ಲಿಲ್ಲದ ತಾಯಿಯನ್ನು, ಅಜ್ಜಿಯನ್ನು ಯಾರೂ ಕರೆದೇ ಇಲ್ಲ.

ಹಾಗೇ ಅಜ್ಜಿಯ ಕಾಗದವನ್ನೂ ನೋಡಿ. 65 ದಾಟಿದ ಬಡ ಹಿರಿಯರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ. ಆಧಾರ್‌ನಲ್ಲಿ ವಯಸ್ಸು ತಪ್ಪಾಗಿ ಎಷ್ಟೋ ಜನರಿಗೆ ಅದೂ ಬರುತ್ತಿಲ್ಲ. ಆಶಾ ಕಾರ್ಯಕರ್ತೆಯನ್ನು ಕಟ್ಟೆಗೇ ಕರೆಸಿ ಬಿಪಿ, ಶುಗರ್ ನೋಡಿಸಿ. ಅಜ್ಜಿ ಹಾಸಿಗೆ ಹಿಡಿದರೆ ಮನೆ ಮಗುವಿನ ತಲೆ ಮೇಲೆ ಬೀಳುತ್ತದೆ. ಆರನೇ ಕ್ಲಾಸಿನ ಹುಡುಗಿ ಶಾಲೆ ಬಿಡುವುದು ಎಷ್ಟೋ ಸಲ ಹೀಗೇ.

ಅದೇ ಸ್ವಯಂಸೇವಕಿ: ಕಾಗದ ಮಾಡಿಸುವುದಕ್ಕೆ ಕೈ ಹಾಕಿದರೆ ನಾವು ಏಜೆಂಟರು ಆಗಿಬಿಡ್ತೀವಿ ಅಲ್ವಾ ಮೇಡಂ?

ಉತ್ತರ: ಆ ಹೆದರಿಕೆ ಇರಲಿ, ಒಳ್ಳೆಯದೇ. ದುಡ್ಡು ಮುಟ್ಟಬೇಡಿ. ಮೂಲ ಪ್ರತಿಯನ್ನು ಒಂದು ರಾತ್ರಿಯೂ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಅಜ್ಜಿಯನ್ನು ಬಿಟ್ಟು ನೀವೊಬ್ಬರೇ ನಾಡಕಚೇರಿಗೆ ಹೋಗಬೇಡಿ. ಜೊತೆಗೆ ಹೋಗಿ, ಕೌಂಟರಿನಲ್ಲಿ ಅವಳೇ ಮಾತಾಡಲಿ. ಮುಂದಿನ ಸಲ ಅವಳೇ ಪಕ್ಕದ ಮನೆಯವಳನ್ನು ಕರೆದುಕೊಂಡು ಹೋಗುತ್ತಾಳೆ.

ಪ್ರಶ್ನೆ (ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು): ದಾಖಲಾತಿಗೆ ಅಜ್ಜಿ, ಮಾವ ಬಂದರೆ ನಮಗೂ ಗೊಂದಲ. ಅವರ ಸಹಿ ನಡೆಯುತ್ತದಾ? ಎಸ್‌ಡಿಎಂಸಿಗೆ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಅವರನ್ನು ತೆಗೆದುಕೊಳ್ಳಬಹುದಾ?

ಉತ್ತರ: ಎರಡಕ್ಕೂ ದಾರಿ ಇದೆ ಸರ್. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಪಾಲಕರು ಅಂದರೆ ಮಗುವನ್ನು ತಮ್ಮ ಹತ್ತಿರ ಇಟ್ಟುಕೊಂಡು ನೋಡಿಕೊಳ್ಳುತ್ತಿರುವವರು. ಕೋರ್ಟ್ ನೇಮಿಸಿದವರೂ ಅದರಲ್ಲಿ ಬರುತ್ತಾರೆ, ಆದರೆ ಅವರು ಮಾತ್ರ ಅಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವ ಹಾಗೂ ಇಲ್ಲ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆ ತಾಯಿ ಅಥವಾ ಪಾಲಕರು ಇರಬೇಕು, ಅರ್ಧ ಮಹಿಳೆಯರಿರಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಗುಳೆ ಹೋಗುವ ಊರಲ್ಲಿ ಒಬ್ಬ ಅಜ್ಜಿಯಾದರೂ ಸಮಿತಿಯಲ್ಲಿ ಇರಲಿ. ಬಿಸಿಯೂಟದ ಬೇಳೆ ನೀರಾಗಿದ್ದರೆ ಮೊದಲು ಬಾಯಿ ಬಿಡುವವಳು ಅವಳೇ.

ಪ್ರಶ್ನೆ (ಗೃಹಿಣಿ, ದಾವಣಗೆರೆ ಕಡೆ): ಅಕ್ಕಾ, ನನ್ನ ತಂಗಿ, ಅವಳ ಗಂಡ ಇಬ್ಬರೂ ತೀರಿಕೊಂಡರು. ಎರಡು ಮಕ್ಕಳು ನನ್ನ ಹತ್ತಿರ ಇದ್ದಾರೆ. ದೊಡ್ಡವನಿಗೆ ಹನ್ನೊಂದು, ಚಿಕ್ಕವಳಿಗೆ ಏಳು. ನನ್ನವೂ ಎರಡು ಇವೆ. ಯಜಮಾನರು ಹಮಾಲಿ ಕೆಲಸ ಮಾಡುತ್ತಾರೆ. ಸರ್ಕಾರದಿಂದ ಏನಾದರೂ ಸಿಗುತ್ತದಾ? ಒಂದು ಕಚೇರಿಯಲ್ಲಿ "ದತ್ತು ತಗೊಂಡಿದ್ದೀರಾ?" ಅಂತ ಕೇಳಿ ವಾಪಸ್ ಕಳಿಸಿದರು.

ಉತ್ತರ: ದತ್ತು ಬೇಕಿಲ್ಲ ತಾಯಿ. ಆ ಪ್ರಶ್ನೆ ಕೇಳಿದ್ದೇ ತಪ್ಪು. ಮಿಷನ್ ವಾತ್ಸಲ್ಯ ಅಂತ ಯೋಜನೆ ಇದೆ. ಅದರಲ್ಲಿ ಪ್ರಾಯೋಜಕತ್ವ ಅನ್ನುವ ಭಾಗ ನಿಮ್ಮಂಥವರಿಗೇ ಇರುವುದು. ತಂದೆ ತಾಯಿ ಇಲ್ಲದೆ ಸಂಬಂಧಿಕರ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು, ವಿಧವೆ ಅಥವಾ ಗಂಡ ಬಿಟ್ಟ ತಾಯಿಯ ಮಕ್ಕಳು, ದೊಡ್ಡ ಕಾಯಿಲೆ ಅಥವಾ ಅಪಘಾತದಿಂದ ಮಕ್ಕಳನ್ನು ಸಾಕಲಾಗದವರ ಮಕ್ಕಳು ಇದರಲ್ಲಿ ಬರುತ್ತಾರೆ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ಮೀರಿರಬಾರದು.

ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಜಿಲ್ಲಾ ಕೇಂದ್ರದಲ್ಲಿರುತ್ತದೆ. ಅವರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಆಮೇಲೆ ಒಂದು ಸಮಿತಿ ಮಂಜೂರು ಮಾಡುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ. ಅರ್ಜಿ ಕೊಟ್ಟ ಸ್ವೀಕೃತಿ ಕೇಳಿ ಪಡೆಯಿರಿ, ಇಲ್ಲದಿದ್ದರೆ ಯಾವ ಫೈಲಿನಲ್ಲಿ ಹೋಯಿತೋ ಗೊತ್ತಾಗಲ್ಲ.

ಹೆಚ್ಚಿನವರು ಸಿಕ್ಕಿ ಬೀಳುವುದು ಮರಣ ಪ್ರಮಾಣಪತ್ರದಲ್ಲಿ. ಸಾವು ನೋಂದಣಿ ಆಗುವುದು ಸತ್ತ ಜಾಗದಲ್ಲಿ, ಸ್ವಂತ ಊರಲ್ಲಲ್ಲ. ತಂಗಿ ಗಂಡ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಪತ್ರ ಬೆಂಗಳೂರಿನ ನೋಂದಣಿ ಕಚೇರಿಯದ್ದೇ ಬೇಕು. 21 ದಿನದೊಳಗೆ ಮಾಡಿಸಿದರೆ ಸುಲಭ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಅದಕ್ಕೇ ನಾನು ಸಂಘ ಸಂಸ್ಥೆಯವರಿಗೆ ಹೇಳುವುದು: ಊರಲ್ಲಿ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸಾವಾದರೆ ತಿಥಿ ಮುಗಿಯುವವರೆಗೆ ಸುಮ್ನಿರಿ, ಆಮೇಲಿನ ಮೊದಲ ಭೇಟಿಯಲ್ಲೇ ಇದನ್ನು ಕೇಳಿ. ಮನೆಯವರಿಗೆ ಆಗ ಅದು ನೆನಪಿರುವುದಿಲ್ಲ.

ಬ್ಯಾಂಕ್ ಖಾತೆ ಇನ್ನೊಂದು ತಲೆನೋವು. ನೀವು ಕಾನೂನಿನ ಪ್ರಕಾರ ಪೋಷಕರಲ್ಲ ಅಂತ ಬ್ಯಾಂಕಿನವರು ಹೇಳಬಹುದು. ಹತ್ತು ವರ್ಷ ತುಂಬಿದ ಮಗು ತನ್ನ ಹೆಸರಲ್ಲೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಮೊತ್ತದ ಮಿತಿ ಆಯಾ ಬ್ಯಾಂಕಿಗೆ ಬಿಟ್ಟದ್ದು. ಹಾಗಾಗಿ ದೊಡ್ಡವನದ್ದು ತೊಂದರೆ ಆಗಬಾರದು. ಚಿಕ್ಕವಳ ಖಾತೆಗೆ ಬ್ಯಾಂಕಿಗೆ ಪತ್ರ ಬರೆದುಕೊಡಿ ಅಂತ ರಕ್ಷಣಾ ಘಟಕದವರನ್ನೇ ಕೇಳಿ.

ಪ್ರತಿಕ್ರಿಯೆ: ಏನೇ ಹೇಳಿ, ಅಜ್ಜ ಅಜ್ಜಿ ಹತ್ತಿರ ಬಿಟ್ಟರೆ ಮಕ್ಕಳು ಹಾಳಾಗುತ್ತಾರೆ. ಅತಿ ಮುದ್ದು, ಕೇಳಿದಾಗೆಲ್ಲ ಕುರ್‌ಕುರೆ, ಕೈಗೆ ಮೊಬೈಲ್.

ಉತ್ತರ: ಬೆಂಗಳೂರಿನಲ್ಲಿ ಅಪ್ಪ ಅಮ್ಮನ ಹತ್ತಿರವೇ ಇರುವ ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ವಾ? ಅಜ್ಜಿ ಮೊಬೈಲ್ ಕೊಡುವುದು ಒಲೆ ಮುಂದೆ ಕೂತಾಗ ಮಗುವನ್ನು ಹಿಡಿಯಲು ಇನ್ನೊಂದು ಕೈ ಇಲ್ಲ ಅಂತ. ಭಾಷಣ ಬೇಡ. ಸಂಜೆ ಆರರಿಂದ ಎಂಟು ಯಾರಾದರೂ ಮಕ್ಕಳನ್ನು ಆಡಿಸಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ತೆರೆದಿದ್ದರೆ ಅಲ್ಲೇ ಕೂರಿಸಿ. ಕೂಸಿನ ಮನೆ (ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ) ಇರುವ ಪಂಚಾಯಿತಿಯಲ್ಲಿ ತೀರಾ ಚಿಕ್ಕವರನ್ನು ಹಗಲು ಅಲ್ಲಿ ಬಿಡಬಹುದು.

ಪ್ರಶ್ನೆ (ಗಾರೆ ಕೆಲಸದವರು, ಬೆಂಗಳೂರು, ಊರು ಯಾದಗಿರಿ ಕಡೆ): ಮೇಡಂ, ನಾವು ದಿನಾ ಫೋನ್ ಮಾಡ್ತೀವಿ. ಮಗಳು "ಹೂಂ", "ಹೂಂ" ಅಂತಾಳೆ, ಇಟ್ಟುಬಿಡ್ತಾಳೆ. ಊರಿಗೆ ಹೋದರೆ ಟೀಚರ್ "ಮಕ್ಕಳನ್ನು ಬಿಟ್ಟು ಹೋಗಿದ್ದೀರಿ" ಅಂತಾರೆ. ಯಾರಿಗೆ ಇಷ್ಟ ಮೇಡಂ?

ಉತ್ತರ: ಯಾರಿಗೂ ಇಷ್ಟ ಇಲ್ಲ ಅಣ್ಣಾ. ಊರಲ್ಲಿ ವರ್ಷಪೂರ್ತಿ ಕೆಲಸ ಇದ್ದಿದ್ದರೆ ನೀವು ಯಾಕೆ ಬರುತ್ತಿದ್ದಿರಿ?

ಫೋನಿನಲ್ಲಿ "ಊಟ ಆಯ್ತಾ? ಸ್ಕೂಲಿಗೆ ಹೋದ್ಯಾ?" ಅಂದರೆ ಯಾವ ಮಗುವೂ "ಹೂಂ" ಅಂತಲೇ ಹೇಳುವುದು. ನಿಮ್ಮ ಸುದ್ದಿ ಮೊದಲು ಹೇಳಿ. ಇವತ್ತು ಎಷ್ಟನೇ ಮಹಡಿಯಲ್ಲಿ ಕೆಲಸ, ಮೇಲಿಂದ ಏನು ಕಾಣಿಸಿತು, ಅಮ್ಮ ಏನು ಸಾರು ಮಾಡಿದಳು. ಮೇಕೆ ಮರಿ ಹಾಕಿತಾ ಅಂತ ಕೇಳಿ. ಯುಗಾದಿಗೆ ಬರ್ತೀವಿ ಅಂದಿದ್ದರೆ ಬನ್ನಿ. ಆಗದಿದ್ದರೆ ಮುಂಚೆಯೇ ಮಗಳಿಗೇ ಹೇಳಿ, ಅವಳಮ್ಮನ ಕೈಲಿ ಹೇಳಿಸಬೇಡಿ. ಮಗಳು ಕೇಳಿಸಿಕೊಳ್ಳುವಾಗ ಫೋನಿನಲ್ಲಿ ಅಜ್ಜಿಯನ್ನು ಬೈಯಬೇಡಿ. ಆಮೇಲೆ ಮಗು ಅಜ್ಜಿಯ ಮಾತು ಕೇಳುವುದಿಲ್ಲ.

ಸುರಪುರದ ತಂಡದವರಿಗೂ ಇದು ಅನ್ವಯ. ಬಟವಾಡೆ ಆದ ಸಂಜೆ ಕೆಲಸದವರಿಗೆ ಸ್ವಲ್ಪ ಪುರುಸೊತ್ತು. ಆಗ ಕಟ್ಟೆಯಿಂದಲೇ ವಿಡಿಯೋ ಕಾಲ್ ಹಾಕಿ, ಅಪ್ಪ ಅಮ್ಮನಿಗೆ ಮಗುವಿನ ನೋಟ್‌ಬುಕ್ ತೋರಿಸಿ.

ಅಣ್ಣಾ, ಲೇಬರ್ ಕಾರ್ಡ್ ಮಾಡಿಸಿದ್ದೀರಾ? ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಅದರಲ್ಲಿ ಮಕ್ಕಳ ಓದಿಗೆ ಸಹಾಯಧನ ಇದೆ. ಅಜ್ಜಿ ಊರಲ್ಲಿ, ನೀವು ಇಲ್ಲಿ ಇದ್ದರೆ ಒಂದೇ ರೇಷನ್ ಕಾರ್ಡಿನ ಪಾಲನ್ನು ಎರಡೂ ಕಡೆ ಪಡೆಯಲು ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಅವಕಾಶ ಇದೆ. ಅಂಗಡಿಯವರು ಆಗಲ್ಲ ಅಂದರೆ ಆಹಾರ ಇಲಾಖೆಯಲ್ಲಿ ಕೇಳಿ.

ಅದೇ ಸ್ವಯಂಸೇವಕಿ: ಇನ್ನೊಂದೇ ಪ್ರಶ್ನೆ ಮೇಡಂ. ಒಂದು ಮನೆಯಲ್ಲಿ ಹುಡುಗನ ಅಪ್ಪ ಕುಡಿದು ಬಂದು ಅಜ್ಜಿಗೂ ಮಗುವಿಗೂ ಹೊಡೆಯುತ್ತಾನೆ. ಹನ್ನೆರಡು ವರ್ಷದ ಹುಡುಗನನ್ನು ಕೆಲಸಕ್ಕೆ ಕರೆದುಕೊಂಡು ಹೋಗ್ತೀನಿ ಅಂತಿದ್ದಾನೆ. ಊರ ಹಿರಿಯರು ಕೂರಿಸಿ ಮಾತಾಡ್ತೀವಿ ಅಂತಾರೆ. ಅಜ್ಜಿಗೆ ಮಗನ ಮೇಲೆ ದೂರು ಕೊಡಲು ಮನಸ್ಸಿಲ್ಲ.

ಉತ್ತರ: ಹಿರಿಯರು ಮಾತಾಡಲಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹದಿನಾಲ್ಕು ತುಂಬದ ಮಗುವನ್ನು ಕೂಲಿಗೆ ಹಚ್ಚುವುದು ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಯಾವ ಹೊತ್ತಿಗಾದರೂ ಮಾಡಬಹುದು. ಹೊಡೆತ ನಡೆಯುತ್ತಿರುವಾಗಲೇ ಆದರೆ ತುರ್ತು ಸಂಖ್ಯೆ 112. ಅಜ್ಜಿಯೇ ದೂರು ಕೊಡಬೇಕು ಅಂತಿಲ್ಲ, ನೀವೂ ತಿಳಿಸಬಹುದು. ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಮಗು ಯಾರ ಹತ್ತಿರ ಇದ್ದರೆ ಒಳ್ಳೆಯದು ಅಂತ ವಿಚಾರಣೆ ಮಾಡಿ ಆದೇಶ ಕೊಡುವ ಅಧಿಕಾರ ಅವರಿಗಿದೆ. ಅಜ್ಜಿಯ ಮನೆಯಲ್ಲೇ ಉಳಿಸಿ ಅಂತಲೂ ಕೇಳಬಹುದು. "ಸಮಿತಿಯವರು ಮೊಮ್ಮಗನನ್ನು ಹಾಸ್ಟೆಲಿಗೆ ಹಾಕಿಬಿಡ್ತಾರೆ" ಅನ್ನುವ ಭಯಕ್ಕೇ ಎಷ್ಟೋ ಅಜ್ಜಿಯರು ಬಾಯಿ ಮುಚ್ಚಿಕೊಂಡಿರುತ್ತಾರೆ. ಬಾಲ ನ್ಯಾಯ ಕಾಯ್ದೆಯಲ್ಲಿ ಮನೆಯೇ ಮೊದಲು, ಸಂಸ್ಥೆ ಕೊನೆಯ ದಾರಿ ಅಂತ ಅವಳಿಗೆ ಬಿಡಿಸಿ ಹೇಳಿ.

ಇವತ್ತೇ ಕರೆ ಮಾಡಿ. ಸಮಿತಿ ಮುಂದೆ ಹಾಜರಾಗುವ ದಿನ ನೀವೂ ಅಜ್ಜಿ ಜೊತೆ ಬಸ್ ಹತ್ತಿ. ಹುಡುಗನ ಹೆಸರು, ಊರು ಇಲ್ಲಿ ಬರೆಯಬೇಡಿ. ಏನಾಯಿತು ಅಂತ ನನಗೆ ಖಾಸಗಿಯಾಗಿ ತಿಳಿಸಿ.