ಪೆಲೆಗ್ರಿನಿ: ದೊಡ್ಡ ಕೋಚೋ, ಒಳ್ಳೇ ಕೋಚೋ?

ಡಬಲ್ ಪಿವೋಟ್: ಚಿಲಿಯ ಫುಟ್‌ಬಾಲ್ ಕೋಚ್ ಮ್ಯಾನುಯೆಲ್ ಪೆಲೆಗ್ರಿನಿ ಹೆಸರು ದೊಡ್ಡ ಕೋಚ್‌ಗಳ ಸಾಲಿನಲ್ಲಿ ಯಾಕೆ ಬರಲ್ಲ? 1999ರಲ್ಲಿ ಕೀಟೊದ ಎಲ್‌ಡಿಯು, 2001ರಲ್ಲಿ ಸಾನ್ ಲೊರೆಂಜೊ (19 ಪಂದ್ಯಕ್ಕೆ 47 ಪಾಯಿಂಟ್), 2003ರಲ್ಲಿ ರಿವರ್ ಪ್ಲೇಟ್, 2014ರಲ್ಲಿ ಮ್ಯಾಂಚೆಸ್ಟರ್ ಸಿಟಿ. ಈಕ್ವೆಡಾರ್, ಅರ್ಜೆಂಟೀನಾ, ಇಂಗ್ಲೆಂಡ್, ಹೀಗೆ ಮೂರು ದೇಶಗಳಲ್ಲಿ ಈ ಕ್ಲಬ್‌ಗಳ ಜೊತೆ ಲೀಗ್ ಗೆದ್ದಿದ್ದಾರೆ. ರಿಯಲ್ ಮ್ಯಾಡ್ರಿಡ್‌ಗೆ 2009–10ರಲ್ಲಿ 96 ಪಾಯಿಂಟ್ ತಂದುಕೊಟ್ಟರೂ ಮನೆಗೆ ಕಳಿಸಿದರು. ಅವರ ಜಾಗಕ್ಕೆ ಬಂದ ಮೊರಿನ್ಯೊ ಮೊದಲ ವರ್ಷ ತಂದಿದ್ದು 92.

ಆಫ್‌ಸೈಡ್ ಗೆರೆ: 96 ತಂದರು ಸರಿ, ಬಾರ್ಸಿಲೋನಾ 99 ತಂದಿತ್ತಲ್ಲ. ಬಾರ್ಸಾ ಎದುರು ಎರಡೂ ಪಂದ್ಯ ಸೋಲು, ಒಂದು ಗೋಲೂ ಇಲ್ಲ. ಚಾಂಪಿಯನ್ಸ್ ಲೀಗ್‌ನಲ್ಲಿ ಲಿಯೋನ್ ಎದುರು ಔಟ್. ಸ್ಪೇನಿನ ಕಪ್ ಟೂರ್ನಿ ಕೋಪಾ ಡೆಲ್ ರೇಯಲ್ಲಿ ಮೂರನೇ ದರ್ಜೆಯ ಅಲ್ಕೋರ್ಕೋನ್ ಹತ್ರ 4–0. ಇದನ್ನೆಲ್ಲ ಬಿಟ್ಟು 96 ಅಂದರೆ ಹೇಗೆ?

ಡಬಲ್ ಪಿವೋಟ್: ರಿಯಲ್ ಆಟಗಾರರಾದ ಸ್ನೈಡರ್, ರೋಬನ್ ಇಬ್ಬರನ್ನೂ ಆ ಬೇಸಿಗೆಯಲ್ಲಿ ಕ್ಲಬ್ ಮಾರಿತು, ಕೋಚ್ ಅಲ್ಲ. ಅದೇ ಸೀಸನ್ನಿನ ಚಾಂಪಿಯನ್ಸ್ ಲೀಗ್ ಫೈನಲ್ ನಡೆದದ್ದು ರಿಯಲ್‌ನ ಮೈದಾನ ಬೆರ್ನಬೆವುನಲ್ಲಿ. ಒಬ್ಬ ಇಂಟರ್ ಪರ, ಇನ್ನೊಬ್ಬ ಬಯರ್ನ್ ಪರ ಅಲ್ಲೇ ಆಡಿದರು!

ಹಳೇ ಸ್ಟಾಪರ್: ಪಾಯಿಂಟ್ ಎಣಿಸೋದು ಬಿಟ್ಟು ಆಟ ನೋಡಿ. ಸಿಟಿಯ 2013–14ರ 4-2-2-2 ತಗೊಳ್ಳಿ (ಹಿಂದೆ ನಾಲ್ವರು ಡಿಫೆಂಡರ್, ಅವರ ಮುಂದೆ ಇಬ್ಬರಿಬ್ಬರಂತೆ ಮೂರು ಸಾಲು). ಸಿಲ್ವಾ ಎಡಗಡೆ ಅಂತ ಕಾಗದದ ಮೇಲೆ. ಚೆಂಡು ಸಿಕ್ಕ ಕೂಡಲೇ ಒಳಗೆ ಬಂದು, ಎದುರಾಳಿಯ ಮಿಡ್‌ಫೀಲ್ಡ್ ಮತ್ತು ಡಿಫೆನ್ಸ್ ನಡುವೆ ನಿಲ್ಲುತ್ತಿದ್ದರು. ಬದಿಯಲ್ಲಿ ಖಾಲಿಯಾದ ಜಾಗಕ್ಕೆ ಫುಲ್‌ಬ್ಯಾಕ್, ಅಂದ್ರೆ ಬದಿಯ ಡಿಫೆಂಡರ್, ಏರಬೇಕು. ಮುಂದೆ ಇಬ್ಬರು ಸ್ಟ್ರೈಕರ್ ಎದುರಾಳಿಯ ಸೆಂಟರ್‌ಬ್ಯಾಕ್‌ಗಳನ್ನು (ನಡುವಿನ ಡಿಫೆಂಡರ್‌ಗಳನ್ನು) ಕಟ್ಟಿಹಾಕ್ತಾರೆ, ಹಿಂದಿನಿಂದ ಯಾಯಾ ಟೂರೆ ಓಡಿ ಬರ್ತಾರೆ. ಯಾಯಾಗೆ ಲೀಗ್‌ನಲ್ಲೇ 20 ಗೋಲು, ತಂಡಕ್ಕೆ 102. ಕೆಡುವುದೂ ಅಲ್ಲೇ. ಚೆಂಡು ಕಳೆದಾಗ ಫುಲ್‌ಬ್ಯಾಕ್ ಮೇಲಿರ್ತಾರೆ, ಯಾಯಾ ವಾಪಸ್ ಬಂದಿರಲ್ಲ, ಫರ್ನಾಂಡಿನ್ಯೊ ಒಬ್ಬರೇ. ಎದುರಾಳಿ ಮಧ್ಯದಲ್ಲಿ ಮೂವರನ್ನಿಟ್ಟರೆ ಲೆಕ್ಕವೇ ತಪ್ಪುತ್ತೆ. 2013ರ ಅಕ್ಟೋಬರ್‌ನಲ್ಲಿ ಚಾಂಪಿಯನ್ಸ್ ಲೀಗ್ ಗುಂಪಿನಲ್ಲಿ ಬಯರ್ನ್ ಸಿಟಿಯ ಮೈದಾನ ಎತಿಹಾದ್‌ಗೆ ಬಂದು 3–1 ಹೊಡೆದದ್ದು ಹೀಗೇ.

ಆಫ್‌ಸೈಡ್ ಗೆರೆ: ಲೆಕ್ಕ ಅಂದ್ರಿ, ನೆನಪಾಯ್ತು. ಈ ಸಿವಿಲ್ ಎಂಜಿನಿಯರ್ ಸಾಹೇಬ್ರು ಅದೇ ಡಿಸೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಬಯರ್ನ್ ಎದುರು 0–2ರಿಂದ 3–2ಕ್ಕೆ ಬಂದರು. ಇನ್ನೊಂದು ಗೋಲು ಬಿದ್ದು 4–2 ಆಗಿದ್ದರೆ ಎರಡೂ ತಂಡಕ್ಕೆ 15 ಪಾಯಿಂಟ್, ಪರಸ್ಪರ ಪಂದ್ಯಗಳಲ್ಲಿ 5–5, ಸಮವಾದರೆ ಆಗ ನೋಡುತ್ತಿದ್ದ ಹೊರನೆಲದ ಗೋಲು ಸಿಟಿಗೆ 4, ಬಯರ್ನ್‌ಗೆ 3. ಗುಂಪಿನಲ್ಲಿ ಸಿಟಿಯೇ ಮೊದಲು. ಇವರು ಐದು ಗೋಲು ಬೇಕು ಅಂದುಕೊಂಡಿದ್ದರು. ಸ್ಟ್ರೈಕರ್ ಅಗ್ವೆರೊ ಬೆಂಚಿನಲ್ಲೇ ಉಳಿದರು. ಎರಡನೇ ಸ್ಥಾನ, ಮುಂದಿನ ಸುತ್ತಿಗೆ ಬಾರ್ಸಿಲೋನಾ, ಔಟ್.

ಮಧ್ಯರಾತ್ರಿ ಕಿಕಾಫ್: ಹ್ಹ ಹ್ಹ, ಅದಕ್ಕೆ ಸಮರ್ಥನೆ ಇಲ್ಲ ಬಿಡಿ. ಆದ್ರೆ ಅದಕ್ಕೂ ಮುಂಚೆ ಇವರು ಕೋಚ್ ಆಗಿದ್ದ ಸ್ಪೇನಿನ ಮಾಲಗಾ? 2012ರ ಬೇಸಿಗೆಯಲ್ಲಿ ದುಡ್ಡು ನಿಂತು ಕಸೋರ್ಲಾ ಆರ್ಸೆನಲ್‌ಗೆ, ರೊಂಡೊನ್ ರಷ್ಯಾಗೆ. ಅದೇ ತಂಡ ಚಾಂಪಿಯನ್ಸ್ ಲೀಗ್‌ನಲ್ಲಿ ಮಿಲಾನ್, ಜೆನಿತ್ ಇದ್ದ ಗುಂಪಲ್ಲಿ ಒಂದೂ ಸೋಲದೆ ಮೊದಲ ಸ್ಥಾನ, ಆಮೇಲೆ ಪೋರ್ಟೊವನ್ನೂ ಕೆಡವಿತು. ಕ್ವಾರ್ಟರ್ ಫೈನಲ್‌ನಲ್ಲಿ ಡಾರ್ಟ್‌ಮಂಡ್ ಇಂಜುರಿ ಟೈಮ್‌ನಲ್ಲಿ ಎರಡು ಹೊಡೆದು 3–2. ಕೊನೇದು ಸ್ಪಷ್ಟ ಆಫ್‌ಸೈಡ್.

ಆಫ್‌ಸೈಡ್ ಗೆರೆ: ಮಾಲಗಾದ ಎರಡನೇ ಗೋಲೂ ಆಫ್‌ಸೈಡೇ ಮಾರಾಯ್ರೆ, ಎಲಿಸೆವುದು. ಅದನ್ನ ಯಾರೂ ಹೇಳಲ್ಲ. ಇನ್ನು 2006ರ ಸೆಮಿಫೈನಲ್: ಆಗ ಇವರ ತಂಡವಾಗಿದ್ದ ವಿಯಾರಿಯಲ್ ಪರ ರಿಕೆಲ್ಮೆಯ ಪೆನಾಲ್ಟಿಯನ್ನ ಆರ್ಸೆನಲ್ ಗೋಲ್‌ಕೀಪರ್ ಲೇಮನ್ ತಡೆದರು, ಆರ್ಸೆನಲ್ ಫೈನಲ್‌ಗೆ. 2016ರಲ್ಲಿ ಸಿಟಿ ಸೆಮಿಫೈನಲ್, ರಿಯಲ್ ಎದುರು 180 ನಿಮಿಷದಲ್ಲಿ ಗೋಲೇ ಇಲ್ಲ. ಇಷ್ಟು ಸಲ ಬಾಗಿಲಲ್ಲೇ ನಿಂತರೆ ಬರೀ ದುರದೃಷ್ಟ ಅನ್ನೋಕಾಗಲ್ಲ.

ಹಳೇ ಸ್ಟಾಪರ್: ಆ 2016ನ್ನೇ ಪೂರ್ತಿ ಹೇಳಿ. ಮುಂದಿನ ಸೀಸನ್‌ಗೆ ಇವರ ಜಾಗಕ್ಕೆ ಗಾರ್ಡಿಯೋಲಾ ಬರ್ತಾರೆ ಅಂತ ಫೆಬ್ರವರಿ 1ರಂದು ಘೋಷಣೆ. ತಿಂಗಳ ಕೊನೆಗೆ ಲೀಗ್ ಕಪ್ ಫೈನಲ್. ಮೊದಲ ಗೋಲ್‌ಕೀಪರ್ ಹಾರ್ಟ್ ಇದ್ದರೂ ಕೊಟ್ಟ ಮಾತಿನಂತೆ ಎರಡನೇ ಗೋಲ್‌ಕೀಪರ್ ಕಬಯ್ಯೆರೊನ್ನೇ ಆಡಿಸಿದರು, ಆತ ಶೂಟೌಟ್‌ನಲ್ಲಿ ಲಿವರ್‌ಪೂಲ್‌ನ ಮೂರು ಕಿಕ್ ತಡೆದರು. ಹೋಗೋದು ಗೊತ್ತಾದ ಕೋಚ್ ಮಾತನ್ನ ಆಟಗಾರರು ಸಾಮಾನ್ಯವಾಗಿ ಕೇಳಲ್ಲ. ಇವರದ್ದು ಕೇಳಿದರು.

ಡಬಲ್ ಪಿವೋಟ್: ಸ್ಪೇನಿನ ಬೆಟಿಸ್ ಕೂಡ ಹಾಗೇ. 2020ರಲ್ಲಿ ಬಂದರು, 2022ಕ್ಕೆ ಕೋಪಾ, 2025ರಲ್ಲಿ ಆ ಕ್ಲಬ್ಬಿನ ಮೊದಲ ಯುರೋಪಿಯನ್ ಫೈನಲ್.

ಆಫ್‌ಸೈಡ್ ಗೆರೆ: ಆ ಫೈನಲ್‌ನಲ್ಲಿ 65ನೇ ನಿಮಿಷದವರೆಗೂ 1–0 ಮುಂದಿದ್ದು ಚೆಲ್ಸಿ ಹತ್ರ 4–1 ಸೋಲು. ಚೆಲ್ಸಿಯ ಪಾಮರ್ ಬಲಬದಿಯಿಂದ ಐದು ನಿಮಿಷದೊಳಗೆ ಎರಡು ಸಲ ಚೆಂಡು ಹಾಕಿದರು, ಎರಡೂ ಗೋಲು. ಮೊದಲನೇದಾದ ಮೇಲಾದರೂ ಆ ಕಡೆ ಇನ್ನೊಬ್ಬರನ್ನ ಇಳಿಸಬೇಕಿತ್ತೋ ಬೇಡವೋ, ಅದನ್ನ ಹೇಳಿ.

ಹಳೇ ಸ್ಟಾಪರ್: ಇಳಿಸಬೇಕಿತ್ತು. 2013ರಲ್ಲಿ ಬಯರ್ನ್ ಎದುರೂ ಇಳಿಸಬೇಕಿತ್ತು.