ಅಪ್‌ಡೇಟ್: ಡಾರ್ಸಿ ಕಾಫಿ ತೋಟಕ್ಕೆ ಬಂದ

ಹಳೆಯ ಪ್ರೇಮ ಕಾದಂಬರಿಯ ಪಾತ್ರಗಳನ್ನು ಎರವಲು ಪಡೆದು ಕಥೆ ಬರೆದರೆ ಕಳ್ಳತನವೇ ಎಂದು ಮಳೆಗಾಲದಲ್ಲಿ ಕೇಳಿದ್ದೆ. ನಾನು ಎರವಲು ಪಡೆದದ್ದು ಇಂಗ್ಲಿಷ್ ಕಾದಂಬರಿ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ನ ನಾಯಕಿ ಎಲಿಜಬೆತ್, ನಾಯಕ ಡಾರ್ಸಿ ಮೊದಲಾದವರನ್ನು. ಅದು ಬಂದದ್ದು 1813ರಲ್ಲಿ, ಬರೆದ ಜೇನ್ ಆಸ್ಟಿನ್ ತೀರಿಕೊಂಡದ್ದು 1817ರಲ್ಲಿ. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ನಂತರ 60 ವರ್ಷ ಮಾತ್ರ ಎಂದು ನೀವು ಹೇಳಿದ ಮೇಲೆ ಧೈರ್ಯ ಬಂತು. 11 ಅಧ್ಯಾಯಗಳಾಗಿವೆ.

ಎಲಿಜಬೆತ್ ಈಗ ಮಡಿಕೇರಿ ಬಳಿಯ ತೋಟದ ಮನೆಯ ಎರಡನೆಯ ಮಗಳು. ನನ್ನನ್ನು ಕಾಡಿದ್ದು ಪ್ರೇಮವಲ್ಲ, ಆಸ್ತಿ. ಮೂಲದಲ್ಲಿ ಐವರು ಹೆಣ್ಣುಮಕ್ಕಳಿದ್ದರೂ ಮನೆ ಸೇರುವುದು ದೂರದ ಗಂಡು ನೆಂಟನಿಗೆ. ಇದನ್ನು ಇಲ್ಲಿಗೆ ಒಗ್ಗಿಸುವುದು ಹೇಗೆಂದು ತಲೆ ಕೆರೆದುಕೊಂಡೆ. ಉತ್ತರ ಅಂಗಳದಲ್ಲೇ ಇತ್ತು: ಒಕ್ಕದ, ಅಂದರೆ ಗಂಡು ಸಂತತಿಯಲ್ಲಿ ಮುಂದುವರಿಯುವ ಕೊಡವ ಕುಟುಂಬದ, ಹೆಸರಿನಲ್ಲಿರುವ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿ. ಆಮೇಲೆ ಆ ದೂರದ ನೆಂಟ ಕಾಲಿನ್ಸ್ ತಾನಾಗಿಯೇ ಕೊಡೆ ಮಡಚಿ ಜಗಲಿ ಹತ್ತಿದ.

ಡಾರ್ಸಿ ಮೊದಲ ಬಾರಿ ಮದುವೆಯ ಮಾತೆತ್ತುವುದನ್ನು, ಕಾಫಿ ಹೂ ಅರಳಿಸುವ ಹೂಮಳೆಯ ಮರುದಿನ, ಆ ಹೂವಿನ ನಡುವೆ ಇಟ್ಟಿದ್ದೆ. ಅತ್ತೆ ಓದಿ, ಕನ್ನಡಕ ತೆಗೆದು, “ಹೂಮಳೆ ಬಿದ್ದ ಮರುದಿನವೇ ಯಾರ ತೋಟದಲ್ಲಿ ಹೂ ಅರಳುತ್ತದೆ? ವಾರವಾದರೂ ಬೇಡವೇ?” ಎಂದರು. ಸರಿ, ಡಾರ್ಸಿ ಒಂದು ವಾರ ಕಾದ. ಕಾದು ಕಾದು ಅವನ ಮಾತು ಇನ್ನಷ್ಟು ಒರಟಾಯಿತು. ಕಥೆಗೆ ಅದು ಲಾಭವೇ.

ಪಾತ್ರಗಳ ಹೆಸರು ಬದಲಿಸಿ ಎಂದು ನೀವು ಕೊಟ್ಟ ಸಲಹೆಯನ್ನು ಮಾತ್ರ ಪಾಲಿಸಲಿಲ್ಲ, ಕ್ಷಮಿಸಿ. 12ನೆಯ ಅಧ್ಯಾಯ ಕೊಯ್ಲು ಮುಗಿದ ಮೇಲೆ.